ಬಾಣಂತಿಗೆ ನೀರು

ಎಮರ್ಜೆನ್ಸಿಯಿಂದ ಕರೆ ಬಂದಾಗ ನಾನು ಆಸ್ಪತ್ರೆಯ ಕೆಫೆಟೀರಿಯಾದಲ್ಲಿ ಕೂತು ಆರಿಹೋದ ಟೋಸ್ಟು ತಿನ್ನುತ್ತಿದ್ದೆ. ಹೆರಿಗೆಯಾಗಿ ಎರಡನೆಯ ವಾರದಲ್ಲಿರುವ ಹೆಂಗಸು, ಬೆಳಗ್ಗೆ ಮನೆಯಲ್ಲಿ ಫಿಟ್ಸ್ ಬಂದಿದೆ, ನ್ಯೂರಾಲಜಿಯವರು ಬಂದು ನೋಡಬೇಕು ಎಂದರು. ಹೆಸರನ್ನು ಮುರಿದು ಮುರಿದು ಓದಿದರು. ಆ ಚೂರುಗಳನ್ನು ಜೋಡಿಸಿಕೊಂಡಾಗ ನಮ್ಮ ಕಡೆಯವಳೇ ಎಂದು ತಿಳಿಯಿತು. ತಿಳಿದು ನನಗೆ ಏನೂ ಅನ್ನಿಸಲಿಲ್ಲ. ಟೋಸ್ಟು ಮುಗಿಸಿಯೇ ಎದ್ದೆ.

ಏನೂ ಅನ್ನಿಸಲಿಲ್ಲ ಎಂಬುದನ್ನು ಸ್ವಲ್ಪ ವಿವರಿಸಬೇಕು. ಎಂಬತ್ತರ ದಶಕದ ನಡುಭಾಗ ಅದು. ಮೈಸೂರಿನಲ್ಲಿ ಓದಿ, ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ನರರೋಗದ ವಾರ್ಡು ನೋಡಿ, ಇಲ್ಲಿ ಅಮೆರಿಕದಲ್ಲಿ ಮತ್ತೆ ಮೊದಲಿನಿಂದ ತರಬೇತಿಗೆ ಸೇರಿದ್ದೆ. ಪಾಲೋ ಆಲ್ಟೋದ ಹತ್ತಿರದ ಈ ಆಸ್ಪತ್ರೆಗೆ ಬರುವ ಮೊದಲು ಕೆಲವು ತಿಂಗಳು ಸ್ಯಾನ್ ಫ್ರಾನ್ಸಿಸ್ಕೋ ನಗರದೊಳಗಿನ ಆಸ್ಪತ್ರೆಯಲ್ಲಿದ್ದೆ. ಅಲ್ಲಿ ಒಂದು ವಾರ್ಡಿನ ತುಂಬ ನನ್ನ ವಯಸ್ಸಿನ ಗಂಡಸರು. ಏಡ್ಸ್ ಬಂದು ಅವರ ದೇಹದ ರೋಗನಿರೋಧಕ ಶಕ್ತಿಯೇ ಸೋತುಹೋಗಿತ್ತು. ಆರೋಗ್ಯವಂತರ ದೇಹ ಲೆಕ್ಕಕ್ಕೇ ಇಡದ ಬೂಷ್ಟು ಅವರ ಮಿದುಳಿನ ಪೊರೆಯಲ್ಲಿ ಬೆಳೆಯುತ್ತಿತ್ತು. ಆಶ್ಚರ್ಯವೆಂದರೆ, ಆ ಪೊರೆಗೆ ಸೋಂಕಾದಾಗ ಸೆಟೆಯಬೇಕಾದ ಕುತ್ತಿಗೆ ಅವರಲ್ಲಿ ಸೆಟೆದುಕೊಳ್ಳುತ್ತಿರಲಿಲ್ಲ, ಜ್ವರವೂ ಅಷ್ಟಕ್ಕಷ್ಟೇ. ಉರಿಯೂತವೆಂದರೆ ದೇಹ ಮಾಡುವ ಜಗಳ. ಬಿಸಿ, ಬಾವು, ನೋವು ಎಲ್ಲ ಆ ಜಗಳದ ಗದ್ದಲ. ಜಗಳವಾಡುವವರೇ ಸತ್ತುಹೋದ ಮನೆಯಲ್ಲಿ ಗದ್ದಲವಿರುವುದಿಲ್ಲ. ಬೆನ್ನುಹುರಿಯ ನೀರು ತೆಗೆದು ನೋಡಿದರೆ ತುಂಬ ಬೂಷ್ಟು, ಬಿಳಿ ರಕ್ತಕಣ ಹುಡುಕಿದರೂ ಸಿಗದು. ಅಲ್ಲಿಂದ ಹೊರಬರುವ ಹೊತ್ತಿಗೆ ನಾನೂ ಹೆಚ್ಚುಕಮ್ಮಿ ಹಾಗೆಯೇ ಆಗಿದ್ದೆ. ಒಳಗೆ ಏನು ಬಿದ್ದರೂ ಸದ್ದಿಲ್ಲ.

ಹಾಸಿಗೆಯ ಮೇಲಿದ್ದವಳಿಗೆ ಇಪ್ಪತ್ತೈದೋ ಇಪ್ಪತ್ತಾರೋ. ತಲೆಗೆ ಉಣ್ಣೆಯ ಸ್ಕಾರ್ಫು ಬಿಗಿದು ಕಟ್ಟಿತ್ತು. ನರ್ಸು ಅವಳ ಕಿವಿಯಿಂದ ಹತ್ತಿಯ ಉಂಡೆ ತೆಗೆದು, ಕಿವಿ ಸೋರುವ ಕಾಯಿಲೆ ಇದೆಯೇ ಎಂದು ಗಂಡನನ್ನು ಕೇಳುತ್ತಿದ್ದಳು. ಹತ್ತಿ ನೋಡಿದ ಕೂಡಲೇ ನನಗೆ ಬೆಂಗಳೂರಿನ ವಾರ್ಡು ನೆನಪಾಯಿತು. ಅಲ್ಲಿಗೆ ಇಂಥ ಬಾಣಂತಿಯರನ್ನು ಹಳ್ಳಿಗಳಿಂದ ಟೆಂಪೋದಲ್ಲಿ ಮಲಗಿಸಿ ತರುತ್ತಿದ್ದರು. ಮೊದಲು ತಲೆನೋವು, ಆಮೇಲೆ ಫಿಟ್ಸ್, ಆಮೇಲೆ ಒಂದು ಕೈಯೋ ಕಾಲೋ ಬೀಳುವುದು. ದೆವ್ವ ಮೆಟ್ಟಿಕೊಂಡಿದೆ ಎಂದು ಮಂತ್ರ ಹಾಕಿಸಿ ತಡವಾಗಿ ಬಂದವರೂ ಇದ್ದರು.

ಗಂಡ ಸನ್ನಿವೇಲ್‌ನ ಕಂಪನಿಯೊಂದರಲ್ಲಿ ಎಂಜಿನಿಯರು. ಆಫೀಸಿನ ಬ್ಯಾಡ್ಜು ಇನ್ನೂ ಅಂಗಿಗೆ ಸಿಕ್ಕಿಸಿಕೊಂಡೇ ಇದ್ದ. ಕನ್ನಡದಲ್ಲಿ ಕೇಳಿದ್ದಕ್ಕೆ ಅವನ ಮುಖ ಅರಳಿತು.

"ಮೂರು ದಿನದಿಂದ ಹೆಡೇಕು ಅಂತಿದ್ಳು ಡಾಕ್ಟರ್. ನಿದ್ದೆ ಇಲ್ವಲ್ಲ, ಅದಕ್ಕೇ ಇರಬೇಕು ಅಂದ್ಕೊಂಡ್ವಿ. ಇವತ್ತು ಬೆಳಗ್ಗೆ ಎರಡು ಸಲ ವಾಮಿಟ್ ಮಾಡಿದ್ಳು. ಆಮೇಲೆ ಕೈ ಎಳೆಯೋಕೆ ಶುರುವಾಯ್ತು."

"ಊಟ ನೀರು ಸರಿಯಾಗಿ ತಗೋತಿದಾರಾ?"

"ಎಲ್ಲಾ ಸರಿಯಾಗಿದೆ. ಅತ್ತೆ ಬಂದಿದಾರೆ ಊರಿಂದ. ಅವರೇ ನೋಡ್ಕೋತಿರೋದು."

ಅತ್ತೆ, ಎಂದರೆ ಬಾಣಂತಿಯ ತಾಯಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಮಗುವನ್ನು ಎದೆಗವಚಿಕೊಂಡು ಕೂತಿದ್ದರು. ಮಂಡ್ಯದ ಕಡೆಯವರು. ಸೀರೆಯ ಮೇಲೆ ಅಳಿಯನ ದಪ್ಪ ಜಾಕೆಟ್ಟು. ನನ್ನನ್ನು ನೋಡಿ ಮಗುವಿನ ಹೊದಿಕೆ ಸರಿಮಾಡಿದರು. ಬಾಣಂತಿ ಕೋಣೆಯ ಸಂಗತಿ ಗಂಡಸಿಗೆ ಎಷ್ಟು ಗೊತ್ತಿರುತ್ತದೆ ಎಂದು ನನಗೆ ಅನ್ನಿಸಿತು. ಅವರನ್ನೇ ಕೇಳೋಣ ಎನ್ನುವಷ್ಟರಲ್ಲಿ ಇವಳಿಗೆ ಇನ್ನೊಂದು ಫಿಟ್ಸ್ ಬಂತು. ತಾಯಿಯನ್ನೂ ಮಗುವನ್ನೂ ಹೊರಗೆ ಕಳಿಸಿಬಿಟ್ಟರು.

ಹೆರಿಗೆ ವಿಭಾಗದವರು ಇದು ಬಸಿರಿನ ರಕ್ತದೊತ್ತಡದಿಂದ ಬರುವ ಫಿಟ್ಸೇ ಇರಬೇಕು ಎಂದು ಮೆಗ್ನೀಸಿಯಂ ಶುರುಮಾಡಿಸಿದರು. ತಪ್ಪೆನ್ನಲಾಗದು, ಅಮೆರಿಕದ ಬಾಣಂತಿಗೆ ಫಿಟ್ಸ್ ಬಂದರೆ ಮೊದಲು ಬರುವ ಯೋಚನೆ ಅದೇ. ಆದರೆ ಇವಳ ಒತ್ತಡ ಸರಿಯಾಗಿತ್ತು, ಮೂತ್ರದಲ್ಲಿ ಪ್ರೋಟೀನ್ ಇರಲಿಲ್ಲ. ಮೆಗ್ನೀಸಿಯಂ ಏರಿದ ಹಾಗೆ, ಮಂಡಿಗೆ ತಟ್ಟಿದರೆ ಕಾಲು ಚಿಮ್ಮುವ ಪ್ರತಿಕ್ರಿಯೆ ಅಡಗಿಹೋಯಿತು. ಬೆಂಗಳೂರಿನಿಂದ ಜೋಪಾನವಾಗಿ ತಂದಿದ್ದ ನನ್ನ ಸುತ್ತಿಗೆಗೆ ಕೆಲಸವೇ ಇಲ್ಲ. ಯಾವ ಕಾಲು ಸೋತಿದೆ, ಯಾವುದು ಔಷಧಿಯಿಂದ ಮಂಕಾಗಿದೆ ಎಂದು ಹೇಳುವುದು ಹೇಗೆ? ಮೆಗ್ನೀಸಿಯಂ ನಿಲ್ಲಿಸಲು ಅರ್ಧ ಬೆಳಗು ವಾದಿಸಿದೆ. ಅದು ಇಳಿದ ಮೇಲೆ ಸ್ಪಷ್ಟವಾಯಿತು. ಬಲಗೈಯಲ್ಲಿ ಹಿಡಿತ ಕಮ್ಮಿ, ಬಲಗಾಲಿನಲ್ಲಿ ಇನ್ನೂ ಕಮ್ಮಿ. ಹೆಸರು ಕೇಳಿದರೆ ನನ್ನ ತುಟಿಯನ್ನೇ ನೋಡುತ್ತಿದ್ದಳು, ಉತ್ತರ ಬರುತ್ತಿರಲಿಲ್ಲ. ಕಣ್ಣಿನ ಹಿಂಭಾಗ ಬೆಳಕು ಬಿಟ್ಟು ನೋಡಿದೆ. ನರದ ಅಂಚು ಊದಿಕೊಂಡಿತ್ತು, ತಲೆಬುರುಡೆಯೊಳಗೆ ಒತ್ತಡ ಏರಿದೆ ಎಂದು ಅದರರ್ಥ.

ಸಿ.ಟಿ. ಸ್ಕ್ಯಾನಿನಲ್ಲಿ ಮಿದುಳಿನ ಎಡಭಾಗದ ಮೇಲ್ತುದಿಯಲ್ಲಿ ಬಿಳಿಯ ಕಲೆ ಕಂಡಿತು. ರಕ್ತ. ಅದರ ಸುತ್ತ ಕಪ್ಪಗೆ ಬಾವು. ಮಿದುಳಿನ ಶಸ್ತ್ರವೈದ್ಯರು ಬಂದು ಹುಟ್ಟಿನಿಂದಲೇ ಗಂಟಾಗಿದ್ದ ರಕ್ತನಾಳ ಒಡೆದಿರಬೇಕು ಎಂದರು. ಬಾವು ಇಳಿಸಲು ಮ್ಯಾನಿಟಾಲ್ ಕೊಡಿ, ನೀರಿನಂಶ ಆದಷ್ಟು ಕಮ್ಮಿ ಮಾಡಿ ಎಂದು ಬರೆಸಿದರು. ಆಗಿನ ಕಾಲದ ಕ್ರಮ ಅದು. ಊದಿದ ಮಿದುಳನ್ನು ಒಣಗಿಸಿ ಇಡಬೇಕು. ಮ್ಯಾನಿಟಾಲ್ ಮಾಡುವುದೂ ಅದನ್ನೇ, ಮಿದುಳಿನ ನೀರನ್ನು ರಕ್ತಕ್ಕೆ ಎಳೆದು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ. ಹಾಸಿಗೆಯ ತಲೆಭಾಗದಲ್ಲಿ ಬಾಯಿಗೆ ಏನೂ ಕೊಡಬಾರದು ಎಂಬ ಫಲಕ ತೂಗುಬಿತ್ತು.

ಆ ಹೊತ್ತಿಗೆ ರಕ್ತದ ವರದಿ ಬಂತು. ಸೋಡಿಯಂ ಬಹಳ ಮೇಲಿತ್ತು, ರಕ್ತವೂ ಗಟ್ಟಿಯಾಗಿತ್ತು. ಮ್ಯಾನಿಟಾಲ್ ಕೊಡುವ ಮೊದಲೇ ತೆಗೆದ ರಕ್ತ ಅದು. ಎರಡು ಸಲ ವಾಂತಿ ಮಾಡಿಕೊಂಡಿದ್ದಕ್ಕೆ ಇಷ್ಟು ಏರುವುದಿಲ್ಲ. ರಕ್ತದಲ್ಲಿ ಉಪ್ಪು ಹೆಚ್ಚಿದೆಯೆಂದರೆ ಸಾಮಾನ್ಯವಾಗಿ ಉಪ್ಪು ತಿಂದರು ಎಂದಲ್ಲ, ನೀರು ಹೋಗಿದೆ ಎಂದು. ಎಚ್ಚರವಿರುವ ಮನುಷ್ಯನಿಗೆ ಇಷ್ಟು ಏರುವ ಮೊದಲೇ ತಡೆಯಲಾಗದ ದಾಹವಾಗುತ್ತದೆ, ಎದ್ದುಹೋಗಿ ಕುಡಿದುಬಿಡುತ್ತಾನೆ. ಮರುಭೂಮಿಯಲ್ಲಿ ಸಿಕ್ಕಿಕೊಂಡವರಿಗೆ ಹೀಗಾದರೆ ಅರ್ಥವಿದೆ. ಇವಳಿದ್ದದ್ದು ಸನ್ನಿವೇಲ್‌ನ ಅಪಾರ್ಟ್‌ಮೆಂಟಿನಲ್ಲಿ.

ಇಂಟೆನ್ಸಿವ್ ಕೇರಿನ ಬಾಗಿಲ ಬಳಿ ತಾಯಿ ನಿಂತಿದ್ದರು. ನರ್ಸು ಒದ್ದೆ ಬಟ್ಟೆಯಲ್ಲಿ ಮಗಳ ತುಟಿ ಒರೆಸುವುದನ್ನು ಗಾಜಿನಿಂದ ನೋಡುತ್ತಿದ್ದರು. ನಾನು ಪಕ್ಕಕ್ಕೆ ಹೋದಾಗ ಮೊದಲ ಸಲ ಮಾತಾಡಿದರು.

"ಇಲ್ಲೂ ನೀರು ಕೊಡಾಕಿಲ್ವಲ್ಲ ಡಾಕ್ಟ್ರವ್ವ. ಇವರಿಗೂ ಗೊತ್ತದೆ ಅನ್ನು."

ಅವರ ದನಿಯಲ್ಲಿ ಸಮಾಧಾನವಿತ್ತು. ಅಷ್ಟು ದೊಡ್ಡ ಆಸ್ಪತ್ರೆ, ಬಿಳಿ ಕೋಟಿನ ಅಷ್ಟೊಂದು ಜನ, ಕೊನೆಗೆ ತಾನು ಮಾಡಿದ್ದನ್ನೇ ಮಾಡುತ್ತಿದ್ದಾರೆ.

"ಮನೇಲೂ ಕೊಡ್ತಿರಲಿಲ್ವಾ ಅಮ್ಮ?" ಎಂದೆ.

"ಹಸೀ ಬಾಣಂತಿಗೆ ಯಾರಾದ್ರೂ ನೀರು ಕೊಟ್ಟಾರಾ? ಹೊಟ್ಟೆ ದಪ್ಪಾಯ್ತದೆ, ಮಗೀಗೆ ಶೀತಾಯ್ತದೆ. ಊಟ ಆದ್ಮೇಲೆ ಗಂಟಲು ನೆನೆಯೋವಷ್ಟು ಬಿಸಿನೀರು, ಅಷ್ಟೇಯ. ಬಿಸಿ ಅನ್ನ, ತುಪ್ಪ, ಮೆಣಸಿನ ಖಾರ. ಒಂದು ದಿನಾನೂ ತಪ್ಪಿಸಿಲ್ಲ ಕಣವ್ವ."

ಅವರನ್ನು ಕುರ್ಚಿಯಲ್ಲಿ ಕೂರಿಸಿ ಒಂದೊಂದಾಗಿ ಕೇಳಿದೆ. ಹೆಮ್ಮೆಯಿಂದಲೇ ಹೇಳಿದರು. ಬಾಣಂತಿ ಖಾರ ಊರಿಂದ ಕುಟ್ಟಿಸಿಕೊಂಡು ತಂದಿದ್ದರು. ವಿಮಾನ ನಿಲ್ದಾಣದಲ್ಲಿ ಅದನ್ನು ಮೂಸಿ ನೋಡಿದ ಅಧಿಕಾರಿ ಸೀನಿ ಸೀನಿ ಹಾಗೇ ಬಿಟ್ಟನಂತೆ. ಊರಲ್ಲಾದರೆ ಬಾಣಂತಿ ಮಂಚದ ಕೆಳಗೆ ಕೆಂಡ ಇಡುತ್ತಾರೆ, ಇಲ್ಲಿ ಕೆಂಡ ಎಲ್ಲಿಂದ ತರುವುದು? ಸಾಂಬ್ರಾಣಿ ಹೊಗೆ ಹಾಕಿದ ಮೊದಲ ದಿನವೇ ಚಾವಣಿಯಲ್ಲಿದ್ದ ಅಲಾರಂ ಕೂಗಿ ಪಕ್ಕದ ಮನೆಯವರು ಓಡಿ ಬಂದಿದ್ದರು. ಅದಕ್ಕೇ ಬೇರೆ ಉಪಾಯ ಕಂಡುಕೊಂಡಿದ್ದರು. ಗೋಡೆಯ ಮೇಲಿನ ಹೀಟರಿನ ಮುಳ್ಳನ್ನು ಕೊನೆಯವರೆಗೆ ತಿರುಗಿಸಿ, ಕಿಟಕಿ ಮುಚ್ಚಿ, ಸಂದಿಗೆ ಟವೆಲು ತುರುಕಿ, ಬಿಸಿಗಾಳಿ ಬರುವ ಜಾಲರಿಯ ಎದುರಿಗೇ ಮಗಳನ್ನು ಮಲಗಿಸುತ್ತಿದ್ದರು. ಅಳಿಯ ಸೆಕೆ ತಡೆಯಲಾರದೆ ಹೊರಗಿನ ಹಾಲ್‌ನಲ್ಲಿ ಮಲಗುತ್ತಿದ್ದ.

ಜನವರಿ ತಿಂಗಳು. ಹೊರಗಿನ ಚಳಿಗಾಳಿಯನ್ನು ಬಿಸಿ ಮಾಡಿ ಒಳಗೆ ಊದುವ ಯಂತ್ರ ಅದು. ಅದರ ಎದುರಿಗೆ ಒದ್ದೆ ಬಟ್ಟೆ ಹಾಕಿದರೆ ಗಳಿಗೆಯಲ್ಲಿ ಒಣಗುತ್ತದೆ. ಅಲ್ಲಿ ಒಬ್ಬ ಬಾಣಂತಿ ಮೊಲೆಹಾಲು ಕೊಡುತ್ತಾ, ಬೆವರುತ್ತಾ, ಉಸಿರಾಡುತ್ತಾ ಒಂದು ವಾರಕ್ಕೂ ಹೆಚ್ಚು ದಿನ ಮಲಗಿದ್ದಳು.

ಹೆರಿಗೆಯ ಮೇಲೆ ರಕ್ತಸ್ರಾವ ನಿಲ್ಲಲೆಂದು ಹೆಂಗಸಿನ ರಕ್ತ ಬೇಗ ಹೆಪ್ಪುಗಟ್ಟುವಂತೆ ಮೊದಲೇ ಸಿದ್ಧವಾಗಿರುತ್ತದೆ. ಅದು ಅವಳ ಜೀವ ಉಳಿಸುವ ಗುಣ. ನೀರು ಕಮ್ಮಿಯಾದರೆ ಅದೇ ಗುಣ ತಿರುಗಿ ಬೀಳುತ್ತದೆ. ಮಿದುಳಿನ ರಕ್ತವೆಲ್ಲ ನೆತ್ತಿಯ ಕೆಳಗಿನ ಒಂದು ಅಗಲವಾದ ಸಿರೆಯ ಮೂಲಕ ಹಿಂದಕ್ಕೆ ಹರಿದು ಇಳಿಯುತ್ತದೆ. ಅಲ್ಲಿ ಹರಿವು ನಿಧಾನ. ಗಟ್ಟಿ ರಕ್ತ ಅಲ್ಲೇ ಹೆಪ್ಪಾಗಿ ಕೂತರೆ ಬಚ್ಚಲ ಬಾಯಿ ಕಟ್ಟಿದ ಹಾಗೆ. ಹಿಂದಿನಿಂದ ಬರುವುದು ನಿಲ್ಲುವುದಿಲ್ಲ, ಮುಂದಕ್ಕೆ ದಾರಿಯಿಲ್ಲ. ಮಿದುಳು ಊದುತ್ತದೆ, ಕೊನೆಗೆ ಸಣ್ಣ ನಾಳಗಳು ಸೋರಿ ರಕ್ತ ಕಾಣಿಸಿಕೊಳ್ಳುತ್ತದೆ. ಅಂದರೆ ಸ್ಕ್ಯಾನಿನಲ್ಲಿ ಕಂಡ ರಕ್ತ ರೋಗವಲ್ಲ, ರೋಗದ ಪರಿಣಾಮ. ನಾವು ಬೆಳಗಿನಿಂದ ಅವಳನ್ನು ಇನ್ನಷ್ಟು ಒಣಗಿಸುತ್ತಿದ್ದೆವು. ತಾಯಿ ಮನೆಯಲ್ಲಿ ಮಾಡಿದ್ದನ್ನು ನಾವು ಸೂಜಿಯಲ್ಲಿ ಮಾಡಿದೆವು.

ನಮ್ಮ ಹಿರಿಯ ಡಾಕ್ಟರು ನಿವೃತ್ತಿಗೆ ಹತ್ತಿರವಾಗಿದ್ದ ಮನುಷ್ಯ, ಮಾತು ಕಮ್ಮಿ. ನನ್ನ ಮಾತನ್ನು ನಿಂತೇ ಕೇಳಿ, "ಇಂಥದ್ದನ್ನು ನಾನು ಇಡೀ ವೃತ್ತಿಯಲ್ಲಿ ಎರಡು ಸಲ ನೋಡಿರಬಹುದು. ನೀನು?" ಎಂದರು. ಬೆಂಗಳೂರಿನಲ್ಲಿ ವಾರ್ಡು ಖಾಲಿಯಿದ್ದ ತಿಂಗಳು ನೆನಪಿಲ್ಲ ಎಂದೆ. ಅವರು ಮ್ಯಾನಿಟಾಲ್ ನಿಲ್ಲಿಸಿ ರಕ್ತನಾಳಗಳ ಚಿತ್ರ ತೆಗೆಸಲು ಹೇಳಿದರು.

ಆಗ ಅದಕ್ಕೆ ತೊಡೆಯ ಸಂದಿನಿಂದ ಸಣ್ಣ ಕೊಳವೆ ತೂರಿಸಿ ಕತ್ತಿನವರೆಗೆ ಒಯ್ದು ಎಕ್ಸ್‌ರೇಯಲ್ಲಿ ಕಾಣುವ ಬಣ್ಣ ಬಿಡಬೇಕಿತ್ತು. ಫಿಲ್ಮುಗಳು ಟಪಟಪನೆ ಒಂದರ ಹಿಂದೊಂದು ಬೀಳುತ್ತಿದ್ದವು. ಮೊದಲ ಸರಣಿಯಲ್ಲಿ ಅಪಧಮನಿಗಳೆಲ್ಲ ಚೊಕ್ಕಟ. ಗಂಟೂ ಇಲ್ಲ, ಉಬ್ಬೂ ಇಲ್ಲ. ರೇಡಿಯಾಲಜಿಯವರು ನಾಳ ಸರಿಯಾಗಿದೆ ಎಂದು ಕೊಳವೆ ಎಳೆಯಲು ಕೈ ಹಾಕಿದರು. ನಾನು ಸೀಸದ ಕೋಟು ಹೊತ್ತುಕೊಂಡು ಒಳಗೆ ಹೋಗಿ, ಇನ್ನೊಂದು ಸಲ ಬಣ್ಣ ಬಿಡಿ, ಈ ಬಾರಿ ಫಿಲ್ಮು ಬೇಗ ನಿಲ್ಲಿಸಬೇಡಿ, ರಕ್ತ ಹಿಂದಿರುಗುವವರೆಗೆ ಓಡಲಿ ಎಂದೆ. ಹೋಗುವ ರಕ್ತವನ್ನು ಎಲ್ಲರೂ ನೋಡುತ್ತಾರೆ, ಬರುವ ರಕ್ತವನ್ನು ಕಾಯುವ ತಾಳ್ಮೆ ಯಾರಿಗೂ ಇರುವುದಿಲ್ಲ. ಅವರು ಮುಖ ಗಂಟಿಕ್ಕಿಕೊಂಡೇ ಮಾಡಿದರು. ಕೊನೆಯ ಫಿಲ್ಮುಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ನೆತ್ತಿಯ ಕೆಳಗೆ ಹಗ್ಗದ ದಪ್ಪಕ್ಕೆ ಕಾಣಬೇಕಾದ ಸಿರೆ ಇರಲಿಲ್ಲ. ಸುತ್ತ ಸಣ್ಣ ನಾಳಗಳು ಸೊಟ್ಟಸೊಟ್ಟಗೆ ದಾರಿ ಹುಡುಕಿಕೊಂಡಿದ್ದವು. ಗೆದ್ದೆನೆಂದು ನನಗೇನೂ ಅನ್ನಿಸಲಿಲ್ಲ, ಬೆನ್ನು ನೋಯುತ್ತಿತ್ತು, ಅಷ್ಟೇ.

ನೀರು ಕೊಡುವುದೂ ಸುಲಭವಿರಲಿಲ್ಲ. ಬಹಳ ದಿನ ಒಣಗಿದ ಮಿದುಳು ಆ ಸ್ಥಿತಿಗೆ ಹೊಂದಿಕೊಂಡಿರುತ್ತದೆ. ಒಮ್ಮೆಗೇ ನೀರು ಸುರಿದರೆ ಸ್ಪಂಜಿನ ಹಾಗೆ ಹೀರಿ ಇನ್ನಷ್ಟು ಊದುತ್ತದೆ. ಮೊದಲೇ ಜಾಗವಿಲ್ಲದ ಬುರುಡೆ. ಕೊಡದಿದ್ದರೆ ಹೆಪ್ಪು ಬೆಳೆಯುತ್ತದೆ, ಕೊಟ್ಟರೆ ಬಾವು ಬೆಳೆಯುತ್ತದೆ. ತೆಳು ಉಪ್ಪುನೀರನ್ನು ಹನಿ ಹನಿಯಾಗಿ ಶುರುಮಾಡಿ, ಮತ್ತೆ ಮತ್ತೆ ರಕ್ತ ತೆಗೆದು, ಸೋಡಿಯಂ ನಿಧಾನವಾಗಿ ಇಳಿಯುವಂತೆ ನೋಡಿಕೊಂಡೆವು. ಹನಿಯ ವೇಗ ಬದಲಿಸುವುದು, ಕೈ ಹಿಂಡಿಸುವುದು, ಕಣ್ಣುಪಾಪೆ ನೋಡುವುದು. ಯೋಚನೆ ಬೇಡದ ಆ ಕೆಲಸ ನನಗೆ ಹಿತವಾಗಿತ್ತು.

ಮಾರನೆಯ ದಿನ ಮಧ್ಯಾಹ್ನ ಅವಳ ಎಡಗಾಲನ್ನು ಎತ್ತಲು ಹೇಳಿದೆ. ಹಿಂದಿನ ದಿನ ಎತ್ತಿದ್ದ ಕಾಲು ಅದು. ಬೆರಳಷ್ಟೇ ಅಲುಗಿತು. ಹೆಪ್ಪು ಇನ್ನೊಂದು ಪಕ್ಕಕ್ಕೂ ಹಬ್ಬುತ್ತಿತ್ತು.

ಉಳಿದಿದ್ದ ದಾರಿ ಹೆಪಾರಿನ್. ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿ. ಮಿದುಳಿನಲ್ಲಿ ರಕ್ತ ಸೋರಿರುವವರಿಗೆ ಅದನ್ನು ಕೊಡುವುದೆಂದರೆ, ಆಗಿನ ಪಠ್ಯಗಳ ಪ್ರಕಾರ, ಕೈಯಾರೆ ಕೊಲ್ಲುವುದು. ಶಸ್ತ್ರವೈದ್ಯರು, "ನೀವು ಕೊಟ್ಟರೆ ನನ್ನನ್ನು ಕರೆಯಬೇಡಿ" ಎಂದು ಹೊರಟುಹೋದರು. ಅತ್ತ ದರಿ, ಇತ್ತ ಪುಲಿ. ಹಿರಿಯ ಡಾಕ್ಟರು ನನ್ನನ್ನು ಕಿಟಕಿಯ ಬಳಿಗೆ ಕರೆದರು.

"ಓದಿದ್ದು ಬೇಡ. ಕಂಡದ್ದು ಹೇಳು."

ಕಂಡದ್ದನ್ನು ಹೇಳಿದೆ. ಬೆಂಗಳೂರಿನಲ್ಲಿ ನಮ್ಮ ಇಬ್ಬರು ಹಿರಿಯರಲ್ಲಿ ಒಬ್ಬರು ಕೊಡುತ್ತಿದ್ದರು, ಒಬ್ಬರು ಕೊಡುತ್ತಿರಲಿಲ್ಲ. ಕೊಟ್ಟವರಲ್ಲಿ ಸತ್ತವರನ್ನೂ ನೋಡಿದ್ದೇನೆ, ಕೊಡದವರಲ್ಲಿ ಎದ್ದು ಹೋದವರನ್ನೂ ನೋಡಿದ್ದೇನೆ. ಆದರೆ ಎರಡೂ ಕಾಲು ಬಿದ್ದ ಮೇಲೆ ಸುಮ್ಮನೆ ಬಿಟ್ಟವರಲ್ಲಿ ನಡೆದು ಮನೆಗೆ ಹೋದವರನ್ನು ನಾನು ನೋಡಿಲ್ಲ. ಸ್ವಂತ ಅಕ್ಕತಂಗಿಯ ವಿಷಯವಾಗಿದ್ದರೆ ದನಿ ನಡುಗುತ್ತಿತ್ತೇನೋ. ನಾನು ಬಸ್ಸಿನ ವೇಳಾಪಟ್ಟಿ ಓದುವವಳ ಹಾಗೆ ಹೇಳಿದೆ. ಅವರು "ಗಂಡನನ್ನು ಕರಿ" ಎಂದರು.

ಗಂಡನಿಗೆ ಎಲ್ಲ ವಿವರಿಸಬೇಕಾಯಿತು, ನೀರಿನ ವಿಷಯವನ್ನೂ.

"ಬಾತ್‌ರೂಮಲ್ಲಿ ನಲ್ಲಿ ಇದೆ, ಕಿಚನ್‌ನಲ್ಲಿ ನಲ್ಲಿ ಇದೆ. ಅವಳು ಎಂ.ಎಸ್ಸಿ. ಓದಿದಾಳೆ ಡಾಕ್ಟರ್. ಬಾಯಾರಿದ್ರೆ ಎದ್ದು ಹೋಗಿ ಕುಡಿಯೋಕೆ ಏನಾಗಿತ್ತು ಅವಳಿಗೆ?"

ಔಷಧಿಯಿಂದ ರಕ್ತಸ್ರಾವ ಹೆಚ್ಚಾಗಿ ಸಾಯಬಹುದು, ಕೊಡದಿದ್ದರೂ ಸಾಯಬಹುದು ಎಂದೆ. ಅವನು ಸಹಿ ಮಾಡಿ ಪೆನ್ನನ್ನು ನನಗೆ ಕೊಡುವ ಬದಲು ತನ್ನ ಜೇಬಿಗೆ ಹಾಕಿಕೊಂಡ. ನಾನೂ ಕೇಳಲಿಲ್ಲ.

ತಾಯಿ ಕಾರಿಡಾರಿನಲ್ಲಿ ನನ್ನ ಕೋಟಿನ ತೋಳು ಹಿಡಿದರು. ಅಳಿಯ ಹೇಳಿದ್ದನೋ, ಅವನ ಮುಖ ನೋಡಿಯೇ ತಿಳಿದುಕೊಂಡರೋ.

"ನೀರು ಕೊಡದೇ ಇದ್ದದ್ದಕ್ಕೇ ಆಯ್ತಾ ಡಾಕ್ಟ್ರವ್ವ? ಸುಳ್ಳು ಹೇಳಬ್ಯಾಡ."

"ಅದೊಂದರಿಂದಲೇ ಅಲ್ಲಮ್ಮ. ಹೆರಿಗೆ ಆದ್ಮೇಲೆ ರಕ್ತ ತಾನಾಗೇ ಗಟ್ಟಿ ಆಗೋಕೆ ನೋಡುತ್ತೆ. ನೀರು ಕಮ್ಮಿ ಆಗಿ ಅದು ಜಾಸ್ತಿ ಆಯ್ತು. ಆ ಹೀಟರ್ ಬಿಸಿ ಬೇರೆ."

ಅವರು ಅಳಲಿಲ್ಲ. ತೋಳು ಬಿಟ್ಟು, ತಾವು ಹಿಡಿದು ಸುಕ್ಕಾಗಿದ್ದ ಜಾಗವನ್ನು ಕೈಯಿಂದ ಸವರಿ ನೇರ ಮಾಡಿದರು. ಆ ಹೊತ್ತಿನಲ್ಲಿ ಏನಾದರೂ ಹೇಳಬೇಕಿತ್ತು ಎಂದು ನನಗೆ ಗೊತ್ತಿತ್ತು. ಮೂಳೆಯವರೆಗೂ ಮರಗಟ್ಟಿದ್ದೆ.

ಮೊದಲಿಗೇ ದೊಡ್ಡ ಪ್ರಮಾಣ ಬೇಡ, ನೇರವಾಗಿ ಸಣ್ಣ ವೇಗದಲ್ಲೇ ಶುರುಮಾಡೋಣ ಎಂದು ಹಿರಿಯ ಡಾಕ್ಟರು ತೀರ್ಮಾನಿಸಿದರು. ಹೆಪಾರಿನ್ನಿನ ಪಂಪು ಒಂದು ಕಡೆ, ಅದನ್ನು ತಡೆಯುವ ಔಷಧಿ ತುಂಬಿದ ಸಿರಿಂಜು ಇನ್ನೊಂದು ಕಡೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆದು ಅಳೆದು ವೇಗ ಏರಿಸಿದೆವು. ಸಂಜೆಯ ಹೊತ್ತಿಗೆ ಅವಳು ಕರೆದರೂ ಕಣ್ಣು ಬಿಡಲಿಲ್ಲ. ಸೋರಿಕೆ ಹೆಚ್ಚಾಯಿತೆಂದೇ ಎಲ್ಲರೂ ತಿಳಿದರು. ನರ್ಸು ಪಂಪಿನ ಗುಂಡಿಯ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. ಕಣ್ಣುಪಾಪೆ ಎರಡೂ ಸಮವಾಗಿದ್ದವು, ಬಲಗೈಯ ಉಗುರು ಒತ್ತಿದರೆ ಹಿಂದೆಳೆದುಕೊಂಡಳು. ಫಿಟ್ಸಿನ ಔಷಧಿಯ ಮಂಪರು ಇರಬಹುದು ಎಂದು ನನಗೆ ಅನ್ನಿಸಿತು. ಪಂಪು ನಿಲ್ಲಿಸಬೇಡ, ಸ್ಕ್ಯಾನಿಗೆ ಹಾಗೇ ಕರೆದೊಯ್ಯೋಣ ಎಂದೆ. ಸ್ಕ್ಯಾನಿನಲ್ಲಿ ಬಿಳಿಯ ಕಲೆ ಹಿಂದಿನಷ್ಟೇ ಇತ್ತು. ಫಿಟ್ಸಿನ ಔಷಧಿಯ ಪ್ರಮಾಣ ಇಳಿಸಿದೆವು.

ಆಮೇಲಿನದು ನಿಧಾನದ ಕಥೆ. ಮೊದಲು ಎಡಗಾಲು ಮರಳಿತು. ಕೆಲವು ದಿನದ ಮೇಲೆ ಬಲಗಾಲಿನ ಹೆಬ್ಬೆರಳು ಅಲುಗಿತು. ಬಲಗೈಗೆ ಹಿಡಿತ ಬರಲು ಇನ್ನೂ ಬಹಳ ದಿನ ಹಿಡಿಯಿತು, ಪೂರ್ತಿ ಬರಲೂ ಇಲ್ಲ. ಒಂದು ಬೆಳಗ್ಗೆ ಹಿರಿಯ ಡಾಕ್ಟರ ಜೊತೆ ನಾನು ಕೋಣೆಗೆ ಹೋದಾಗ, "ಪಾಪು ಎಲ್ಲಿ?" ಎಂದು ಸ್ಪಷ್ಟವಾಗಿ ಕೇಳಿದಳು. ಕನ್ನಡ ಅರ್ಥವಾಗದಿದ್ದರೂ ಅವರು ಮುಗುಳ್ನಕ್ಕರು. ನಾನು ಹಾಳೆಯ ಮೇಲೆ ಮಾತು ಮರಳಿದೆ ಎಂದು ಬರೆದು ಮುಂದಿನ ಕೋಣೆಗೆ ಹೋದೆ.

ಅವಳನ್ನು ಇಂಟೆನ್ಸಿವ್ ಕೇರಿನಿಂದ ಸಾಮಾನ್ಯ ವಾರ್ಡಿಗೆ ತಂದ ಮೇಲೆ ಒಂದು ಮಧ್ಯಾಹ್ನ ನುಂಗುವ ಪರೀಕ್ಷೆಗೆ ಹೋದೆ. ಬಾಯಿಂದ ನೀರು ಕೊಟ್ಟು, ಕೆಮ್ಮದೆ ನುಂಗಿದರೆ ಸೂಜಿಯ ನೀರು ನಿಲ್ಲಿಸಬಹುದಿತ್ತು. ತಾಯಿ ಕಿಟಕಿಯ ಬಳಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರು. ಮಾತು ಎಷ್ಟರಮಟ್ಟಿಗೆ ಮರಳಿದೆ ಎಂದು ತಿಳಿಯಲು ಅವಳನ್ನು ಹೀಗೇ ಮಾತಾಡಿಸುತ್ತ, ಗಂಡ ಕೇಳಿದ್ದ ಪ್ರಶ್ನೆಯನ್ನೇ ಕೇಳಿದೆ.

"ಅಷ್ಟು ಬಾಯಾರಿದ್ರೂ ಯಾಕೆ ಕುಡೀಲಿಲ್ಲ?"

ಪದಗಳನ್ನು ಒಂದೊಂದಾಗಿ ಎತ್ತಿ ಇಟ್ಟಳು. "ಅವ್ವ... ಒಬ್ಳೇ ಪ್ಲೇನಲ್ಲಿ ಬಂದ್ಳು. ಇಂಗ್ಲಿಷ್ ಬರಲ್ಲ. ನಂಗೋಸ್ಕರ. ಅವಳಿಗೆ... ಮೋಸ ಮಾಡೋಕೆ ಮನಸ್ಸು ಬರಲಿಲ್ಲ."

ಕಿಟಕಿಯ ಬಳಿಯಿಂದ ತಾಯಿ ಮಾತಾಡಿದರು. ಮಗಳ ಜೊತೆಗಲ್ಲ, ನನ್ನ ಜೊತೆ.

"ನಾನು ಕುಡೀತಿದ್ದೆ ಕಣವ್ವ. ಇವಳು ಹುಟ್ಟಿದಾಗ. ಬಚ್ಚಲಿಗೆ ಹೋದಾಗೆಲ್ಲ ಹಂಡೇಲಿ ಚೊಂಬು ಅದ್ದಿ ಗಟಗಟ ಕುಡೀತಿದ್ದೆ. ನಮ್ಮವ್ವಂಗೂ ಗೊತ್ತಿತ್ತು. ಬಾಗಿಲ ಹೊರಗೆ ನಿಂತ್ಕಂಡು ಆ ಕಡೆ ಮುಖ ಮಾಡೋಳು. ಎಲ್ಲಾ ಬಾಣಂತೀರೂ ಕುಡೀತಾರೆ. ಬ್ಯಾಡ ಅನ್ನೋದು ನಮ್ ಕೆಲ್ಸ, ಕದ್ದು ಕುಡಿಯೋದು ಅವರ ಕೆಲ್ಸ. ಈ ಮನೇಲಿ ರೂಮಿಗೊಂದು ನಲ್ಲಿ. ಇವಳು ಕುಡೀದೇ ಇರ್ತಾಳೆ ಅಂತ ನಂಗೆ ಎಂಗೆ ಗೊತ್ತಾಗಬೇಕು?"

ನನ್ನೊಳಗೆ ಏನೋ ಬಿದ್ದು ಸದ್ದಾಯಿತು. ಬಹಳ ತಿಂಗಳ ಮೇಲೆ ಬಂದದ್ದರಿಂದ ಅದು ನೋವು ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಸುಮ್ಮನೆ ಲೋಟಕ್ಕೆ ನೀರು ಬಗ್ಗಿಸಿ ಮಗಳ ಎಡಗೈಗೆ ಕೊಟ್ಟೆ. ಅವಳು ತುಟಿಯ ಹತ್ತಿರಕ್ಕೆ ಒಯ್ದು, ಅಲ್ಲೇ ನಿಲ್ಲಿಸಿ, ತಾಯಿಯ ಕಡೆ ನೋಡಿದಳು. ತಾಯಿ ಅಭ್ಯಾಸಬಲದಿಂದಲೋ ಏನೋ ಥಟ್ಟನೆ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಹೊರಗೆ ಪಾರ್ಕಿಂಗು ಬಿಟ್ಟರೆ ನೋಡಲು ಏನೂ ಇರಲಿಲ್ಲ. ಮಗಳು ಲೋಟ ಕೆಳಗಿಳಿಸಿದಳು.

ಲೋಟ ಟ್ರೇಗೆ ತಗುಲಿದ ಸದ್ದಿಗೆ ತಾಯಿ ತಿರುಗಿದರು. ಎದ್ದು ಬಂದು ಮಗುವನ್ನು ನನ್ನ ಕೈಗೆ ಕೊಟ್ಟರು. ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದು, ಮಗಳಿಗೆ ಎದುರಾಗಿ ಕೂತು, ಲೋಟ ಎತ್ತಿ ಮತ್ತೆ ಅವಳ ಕೈಗಿಟ್ಟರು.

"ಕುಡಿ ಮಗ," ಎಂದರು. "ನಾ ನೋಡ್ತಾನೇ ಕೂತಿರ್ತೀನಿ."